ಅರ್ಧ ಹೆರಳು

ಪ್ಯಾಡು ಹಾಲಿನ ಹಾಗೆ ಬೆಳ್ಳಗಿತ್ತು. ನಲಿನಿಗೆ ಸರಿಬರದೆ ಹೋದದ್ದು ಅದೇ.

ಗರ್ಭಚೀಲ ತೆಗೆಸಿಕೊಂಡ ಹೆಂಗಸಿಗೆ ಮುಂದೆ ಒಂದೆರಡು ವಾರ ಅಷ್ಟೋ ಇಷ್ಟೋ ಕಂದು ಕಲೆ ಕಂಡೇ ಕಾಣುತ್ತದೆ. ರಾಣೆಬೆನ್ನೂರಿನ ಈ ಸಣ್ಣ ಆಸ್ಪತ್ರೆಯಲ್ಲಿ ನರ್ಸಾಗಿ ಹೆಂಗಸರ ವಾರ್ಡು ನೋಡಿಕೊಳ್ಳುತ್ತಲೇ ನಲಿನಿಯ ತಲೆಯಲ್ಲಿ ಬಿಳಿಗೂದಲು ಬಂದಿದ್ದವು. ಇಷ್ಟು ಸ್ವಚ್ಛವಾದ ಪ್ಯಾಡನ್ನು ಅವಳು ಕಂಡವಳಲ್ಲ. ಹಬೆಯಲ್ಲಿ ಬೇಯಿಸಿದ ಬಟ್ಟೆಯ ಡ್ರಮ್ಮಿನಿಂದ ಈಗಷ್ಟೇ ತೆಗೆದಿಟ್ಟಂತೆ, ಮಡಿಕೆಯ ಗೆರೆ ಸಹ ಮುರಿಯದೆ ಕೂತಿತ್ತು. ಇತ್ತ ಮರಿಯವ್ವನ ಮಣಿಕಟ್ಟಿನಲ್ಲಿ ನಾಡಿ ಒಂದೇ ಸಮನೆ ಓಡುತ್ತಿತ್ತು. ಮುಟ್ಟಿ ನೋಡಿದರೆ ಮೈ ತಣ್ಣಗಿತ್ತು, ಜ್ವರದ ಸುಳಿವಿರಲಿಲ್ಲ.

"ಏನರ ತ್ರಾಸ ಆಗ್ಲಿಕ್ಕತ್ತದೇನು ಮರಿಯವ್ವ?"

"ಏನಿಲ್ರಿ ಬಾಯಾರ. ಆರಾಮ ಅದೀನ್ರಿ."

ಅವಳ ಬೆನ್ನ ಹಿಂದೆ, ಅದೇ ಮಂಚದ ಮೇಲೆ, ಅತ್ತೆ ಹೊಳಿಯವ್ವ ಕಾಲು ಮಡಚಿ ಕೂತು ಸೊಸೆಯ ತಲೆ ಬಾಚುತ್ತಿದ್ದಳು. ಬಾಯಲ್ಲಿ ಕಚ್ಚಿಕೊಂಡಿದ್ದ ಕರಿ ದಾರವನ್ನು ತೆಗೆಯದೆಯೇ ಮಾತಾಡಿದಳು. "ಊರಿಗೆ ಹೊಂಟಾಳಲ್ರಿ, ಅದಕ್ಕ ಎದಿ ಡವಡವ ಅಂತೈತಿ. ವರ್ಷದ ಮ್ಯಾಲ ಒಲಿ ಮುಂದ ಕುಂದ್ರಾಕಿ ಈಕಿ. ನಾನೂ ಹೇಳೇನ್ರಿ, ಭಾರ ಎತ್ತಸೂದಿಲ್ಲ, ನೀರು ಹೊರಸೂದಿಲ್ಲ. ಬರೇ ಕುಂತು ರೊಟ್ಟಿ ಬಡೀಲಿ ಸಾಕು."

ಮರಿಯವ್ವ ನಕ್ಕಳು. ನಲಿನಿ ಬಗ್ಗಿ ಅವಳ ಮುಖ ನೋಡಿದಳು. ತುಟಿಯಲ್ಲಿ ಬಣ್ಣವೇ ಇರಲಿಲ್ಲ.

ಮೇಡ್ಲೇರಿಯ ಈ ಹೆಣ್ಣುಮಗಳು ಆಸ್ಪತ್ರೆಗೆ ಬಂದಾಗ ಗರ್ಭಚೀಲದಲ್ಲಿ ಗಡ್ಡೆ ಬೆಳೆದು, ತಿಂಗಳಾನುಗಟ್ಟಲೆ ರಕ್ತ ಹೋಗಿ, ಬಾಡಿದ ಬದನೆಕಾಯಿಯಾಗಿದ್ದಳು. ಮುಟ್ಟಾದ ಹೆಂಗಸು ಹೊರಗೆ ಕೂಡಬೇಕು, ಅದು ಅವರ ಮನೆಯ ಪದ್ಧತಿ. ಒಳಗೆ ಮಾಲತೇಶ ದೇವರ ಜಗಲಿ ಇದೆ, ಹಬ್ಬಹುಣ್ಣಿಮೆಗೆ ಭಂಡಾರ ಹಾರಿಸುವ ಮನೆ. ಆದರೆ ಮುಟ್ಟು ನಿಲ್ಲದೇ ಹೋದರೆ? ಮರಿಯವ್ವ ಕೂತಲ್ಲೇ ಕೂತಳು. ಹಿತ್ತಲಲ್ಲಿ ದನದ ಕೊಟ್ಟಿಗೆಯ ಮಗ್ಗುಲಿಗೆ ಒಂದು ತಗಡಿನ ಇಳಿಮಾಡು; ಅಲ್ಲೊಂದು ಚಾಪೆ, ಒಂದು ತಾಟು, ಒಂದು ಚರಿಗೆ. ಮಳೆಗಾಲ ಅಲ್ಲೇ ಹೋಯಿತು, ದೀಪಾವಳಿ ಅಲ್ಲೇ ಹೋಯಿತು. ಮಗಳು ಮೈನೆರೆದಾಗ ತಾಯಿ ದೂರದಿಂದ ಆರತಿ ನೋಡಿದಳಂತೆ. ಹೇಳುವಾಗ ಅಳಲೂ ಇಲ್ಲ ಮಾರಾಯ್ತಿ, ಯಾರದೋ ಮನೆಯ ಸುದ್ದಿ ಹೇಳಿದ ಹಾಗೆ ಹೇಳಿದ್ದಳು.

ಹೊಳಿಯವ್ವ ಕೆಟ್ಟವಳೇನಲ್ಲ. ಅವಳನ್ನು ಅವಳ ಅತ್ತೆ ಹೊರಗೆ ಕೂಡಿಸಿದ್ದಳು, ಇವಳನ್ನು ಅವಳು ಕೂಡಿಸಿದ್ದಳು, ಅಷ್ಟೇ. ಆಸ್ಪತ್ರೆಗೆ ಕರೆತಂದವಳೂ ಅವಳೇ. ಆದರೆ ಆಪರೇಶನ್ ಆಗುವವರೆಗೆ ಕಿಟಕಿಯ ಹತ್ತಿರ ನೆಲದ ಮೇಲೆ ಕೂತಿರುತ್ತಿದ್ದಳು. ಚಹಾದ ಬಟ್ಟಲನ್ನು ಸ್ಟೂಲಿನ ಮೇಲಿಟ್ಟು ಒಂದು ಬೆರಳಿನಿಂದ ಸೊಸೆಯ ಕಡೆ ಸರಿಸುತ್ತಿದ್ದಳು. ಅಪ್ಪಿತಪ್ಪಿ ಸೆರಗು ತಾಗಿತೋ, ಎದ್ದು ಹಿಂದಿನ ನೀರಿನ ಟಾಕಿಗೆ ಓಡುವಳು. ಪುಷ್ಯ ಮಾಸದ ಥಂಡಿಯಲ್ಲಿ ತಲೆಯ ಮೇಲೆ ಕೊಡ ಸುರುವಿಕೊಂಡು, ನಡುಗುತ್ತ ಬಂದು, ಸೊಂಟದ ಚೀಲದಿಂದ ಅರಿಸಿನದ ಭಂಡಾರ ತೆಗೆದು ಹಣೆತುಂಬ ಹಚ್ಚಿಕೊಳ್ಳುವಳು. "ಈ ಮುದುಕಿ ನಮ್ಮ ಟಾಕಿ ಖಾಲಿ ಮಾಡ್ತಾಳ ನೋಡ್ರಿ ಸಿಸ್ಟರ್" ಎಂದು ಆಯಾ ದೌಲತಬಿ ನಗುತ್ತಿದ್ದಳು. ನಲಿನಿ ನಗುತ್ತಿರಲಿಲ್ಲ. ಅವಳಿಗೆ ನಗುವ ಬಾಯಿ ಎಲ್ಲಿತ್ತು? ಡ್ಯೂಟಿ ಮುಗಿಸಿ ಮನೆಗೆ ಹೋದರೆ ಅತ್ತೆ ವೆಂಕೂಬಾಯಿ ಹಿತ್ತಲಲ್ಲಿ ಬಕೆಟ್ಟು ತುಂಬಿಸಿಟ್ಟು ಕಾಯುತ್ತಿದ್ದರು. ಸ್ನಾನವಾಗದೆ ನಲಿನಿಗೂ ಹೊಸ್ತಿಲು ದಾಟುವ ಹಾಗಿರಲಿಲ್ಲ.

ಅಣ್ಣಾಜಿ ಡಾಕ್ಟರರದೊಂದು ರೂಢಿ. ಏನೇ ತೆಗೆಯಲಿ, ಅದನ್ನು ಟ್ರೇಯಲ್ಲಿಟ್ಟು ಹೊರಗೆ ತಂದು ಮನೆಯವರಿಗೆ ತೋರಿಸುವರು. ಆಮೇಲೆ ತೆಗೆದರೋ ಬಿಟ್ಟರೋ ಎಂಬ ಮಾತು ಬರಬಾರದು ಎಂದು. ಮರಿಯವ್ವನ ಗಂಡ ಗುಡದಪ್ಪ ಆವತ್ತು ಮುಖ ತಿರುಗಿಸಿ ಗೋಡೆಗೆ ಆತುಕೊಂಡ. ಹೊಳಿಯವ್ವ ಮಾತ್ರ ಬಗ್ಗಿ ನೋಡಿದಳು. ತೆಂಗಿನಕಾಯಿಯಷ್ಟಿತ್ತು. "ಇದ ಏನ್ರಿ ಇಷ್ಟು ದಿನ ಕಾಡಿದ್ದು?" ಎಂದು ಕೇಳಿ, ಸೀದಾ ಟಾಕಿಗೆ ಹೋಗಿ ಸ್ನಾನ ಮಾಡಿ ಬಂದಳು. ಮೈಲಿಗೆಯ ಸ್ನಾನ ಅದೇ ಕಡೆಯದು. ಅವತ್ತಿನಿಂದ ಮಂಚ ಏರಿದವಳು ಇಳಿಯಲಿಲ್ಲ. ತನ್ನ ತಾಟಿನಲ್ಲೇ ರೊಟ್ಟಿ ಮುರಿದು ಸೊಸೆಯ ಬಾಯಿಗಿಟ್ಟಳು, ಮೈ ಒರೆಸಿದಳು, ತಲೆಗೆ ಎಣ್ಣೆ ಒತ್ತಿದಳು. ವರ್ಷದ ಬಾಕಿಯನ್ನೆಲ್ಲ ಒಂದೇ ಸಲ ತೀರಿಸುವವಳ ಹಾಗೆ ಮುಟ್ಟಿದ್ದೇ ಮುಟ್ಟಿದ್ದು.

ಮರಿಯವ್ವ ಆಪರೇಶನ್ನಿಗೆ ಸುಲಭವಾಗಿ ಒಪ್ಪಿದವಳಲ್ಲ. ಒಪ್ಪಿಸಿದವಳು ನಲಿನಿ. ಮಂಚದ ಪಕ್ಕ ಕೂತು, ಅತ್ತೆಗೂ ಕೇಳಲೆಂದು ಗಟ್ಟಿಯಾಗಿಯೇ ಹೇಳಿದ್ದಳು: "ಇನ್ನ ಮುಂದ ಒಂದು ಹನಿ ರಕ್ತಾನೂ ಕಾಣೂದಿಲ್ಲ ನೋಡು. ಹೊರಗ ಕೂಡೂದು ಇಲ್ಲಿಗೇ ಮುಗೀತು. ಇದು ನನ್ನ ಮಾತು." ಆ ಮಾತು ಕೇಳಿ ಮರಿಯವ್ವ ಹೆಬ್ಬೆಟ್ಟು ಮುಂದೆ ಚಾಚಿದ್ದಳು.

ಈಗ ಮನೆಗೆ ಹೋಗುವ ದಿನ. ಬೆಳಿಗ್ಗೆ ಡಾಕ್ಟರು ಬಂದು ಹೊಲಿಗೆ ಬಿಚ್ಚಿದ ಗಾಯ ನೋಡಿ, ಹೋಗಲಿ ಎಂದು ಬರೆದುಕೊಟ್ಟು ಬ್ಯಾಡಗಿಗೆ ಹೋಗಿದ್ದರು. ಮೆಣಸಿನಕಾಯಿ ಪೇಟೆಯ ದಿನ ಅಲ್ಲಿ ಜನ ಜಾಸ್ತಿ. ದಲಾಲಿ ನಿಜಲಿಂಗಪ್ಪನವರ ಅಂಗಡಿಯ ಮೇಲಿನ ಖೋಲಿಯಲ್ಲಿ ಕೂತು ರೋಗಿಗಳನ್ನು ನೋಡುತ್ತಿದ್ದರು. ಬರುವುದು ಸಂಜೆಗೆ.

ಗುಡದಪ್ಪ ಬಾಗಿಲಲ್ಲಿ ತಲೆ ಹಾಕಿದ. "ಆತೇನವಾ? ಮೇಡ್ಲೇರಿ ಬಸ್ ಬಂದು ನಿಂತೈತಿ. ಇದು ತಪ್ಪಿದರ ಮತ್ತ ಸಂಜಿಗೆ ಐತಿ."

"ಒಂದ ಹೆರಳು ಆಗೇತಿ, ಇನ್ನೊಂದು ಹಾಕಿಬಿಡ್ತೀನಿ ತಡಿಯೋ" ಎಂದಳು ಹೊಳಿಯವ್ವ.

ನಲಿನಿ ಮರಿಯವ್ವನ ಕೆಳರೆಪ್ಪೆ ಎಳೆದು ನೋಡಿದಳು. ಒಳಗೆ ಸುಣ್ಣ ಬಳಿದ ಹಾಗಿತ್ತು. ನಿನ್ನೆ ಹೀಗಿರಲಿಲ್ಲ, ದೇವರಾಣೆ ಹೀಗಿರಲಿಲ್ಲ.

"ಹೊಳಿಯವ್ವಾ, ನೀವು ಒಂದೀಟು ಹೊರಗ ಹೋಗ್ರಿ. ನಾ ಈಕಿ ಕೂಡ ಮಾತಾಡೂದದ."

ಮರಿಯವ್ವನ ಕೈ ಥಟ್ಟನೆ ಹಿಂದೆ ಹೋಗಿ ಅತ್ತೆಯ ಸೆರಗು ಹಿಡಿಯಿತು. "ಅತ್ತಿ ಇಲ್ಲೇ ಇರ್ಲಿ ಬಿಡ್ರಿ. ಅವರ ಮುಂದ ಮುಚ್ಚುವಂಥಾದ್ದು ಏನೈತಿ."

"ರಕ್ತ ಹೋಗ್ಲಿಕ್ಕತ್ತದೇನು? ಖರೇ ಹೇಳು."

"ಇಲ್ರೀ."

"ಮರಿಯವ್ವ, ನನ್ನ ಕಡೆ ನೋಡಿ ಹೇಳು."

"ಇಲ್ಲಂದನೆಲ್ರಿ ಬಾಯಾರ! ನೀವs ಹೇಳೀರಲ್ಲ, ಇನ್ನ ಒಂದು ಹನಿನೂ ಬರೂದಿಲ್ಲ ಅಂತ." ಅವಳ ಕಣ್ಣು ನಲಿನಿಯ ಮೇಲೆ ನಿಲ್ಲಲಿಲ್ಲ. ಮೇಲ್ತುಟಿಯ ಮೇಲೆ ಬೆವರು ಮೂಡಿತ್ತು, ಅದೂ ಅಂಥ ಚಳಿಗಾಲದಲ್ಲಿ.

ಹೊಳಿಯವ್ವ ಬಾಚುವುದು ನಿಲ್ಲಿಸಿ ಒಮ್ಮೆ ನರ್ಸಿನ ಮುಖ, ಒಮ್ಮೆ ಸೊಸೆಯ ನೆತ್ತಿ ನೋಡಿದಳು. ಗುಡದಪ್ಪನ ತಾಳ್ಮೆ ಮೀರಿತು. "ಡಾಕ್ಟರ್ ಸಾಹೇಬ್ರs ಹೋಗು ಅಂದಾರ. ನೀವ್ಯಾಕ್ರಿ ಅಡ್ಡಗಾಲು ಹಾಕ್ತೀರಿ? ಹೊಲದಾಗ ಆಳು ಬಿಟ್ಟು ಬಂದೇನಿ ನಾನು."

"ಬಸ್ಸು ನಾಳೆನೂ ಅದ ಗುಡದಪ್ಪ. ನಾ ಹೇಳೂತನಕ ಈಕಿ ಮಂಚ ಬಿಟ್ಟು ಇಳೀಬಾರದು." ನಲಿನಿಯ ದನಿ ಅವಳಿಗೇ ಜೋರೆನಿಸಿತು. ಬಾಗಿಲಾಚೆಗಿದ್ದ ಆಯಾಳನ್ನು ಕೂಗಿದಳು. "ದೌಲತಬಿ, ಲಗೂನ ಹೋಗಿ ಬ್ಯಾಡಗಿಗೆ ಫೋನ್ ಹಚ್ಚಸು. ನಿಜಲಿಂಗಪ್ಪನವರ ಅಂಗಡಿಗೆ. ಡಾಕ್ಟರಿಗೆ ಇದ್ದಾಂಗ ಎದ್ದು ಬರ್ರಿ ಅಂತ ಹೇಳಸು. ಲೈನ್ ಸಿಗೂತನಕ ಅಲ್ಲೇ ನಿಂದ್ರು."

ಹೇಳಿದ ಮೇಲೆ ಅವಳಿಗೇ ಅಳುಕು. ಏನೂ ಇಲ್ಲದೇ ಹೋದರೆ? ಪೇಟೆಯ ದಿನ, ಅಷ್ಟು ರೋಗಿಗಳನ್ನು ಬಿಟ್ಟು ಡಾಕ್ಟರು ಓಡಿಬಂದು ಈ ಬೆಳ್ಳಗಿನ ಪ್ಯಾಡು ನೋಡಿದರೆ?

"ನೋಡ್ರಿ ಬಾಯಾರ, ನಾ ಆರಾಮ ಅದೀನಿ, ನೋಡ್ರಿ" ಎನ್ನುತ್ತ ಮರಿಯವ್ವ ಮಂಚದಿಂದ ಕಾಲು ಇಳಿಬಿಟ್ಟಳು. ನಲಿನಿ ಬೇಡವೆನ್ನುವಷ್ಟರಲ್ಲಿ ಎದ್ದೂ ನಿಂತಳು. ನಿಂತವಳು ಕಿಟಕಿಯ ಬೆಳಕನ್ನೇ ನೋಡುತ್ತ ಒಂದು ಹೆಜ್ಜೆ ಇಟ್ಟಳು; ಆಮೇಲೆ ಮೊಣಕಾಲು ಮಡಚಿತು. ಹೊಳಿಯವ್ವ ಹಿಂದಿನಿಂದ ಚಾಚಿ ಸೊಂಟ ತಬ್ಬಿ, ತೊಡೆಯ ಕೆಳಗೆ ಕೈಕೊಟ್ಟು ಎತ್ತಿ, ಹೇಗೋ ಮಂಚಕ್ಕೆ ಒರಗಿಸಿದಳು.

ಕೈ ಹಿಂದಕ್ಕೆ ತೆಗೆದುಕೊಂಡಾಗ ಅಂಗೈ ಕೆಂಪಾಗಿತ್ತು.

ಸೀರೆಯ ನಿರಿಗೆಯೊಳಗಿಂದ ರಕ್ತ ಇಳಿದು ಮರಿಯವ್ವನ ಕಾಲುಂಗುರದವರೆಗೆ ಬಂದಿತ್ತು. ನಲಿನಿ ಸೀರೆ ಸರಿಸಿದಳು. ಬೆಳ್ಳಗಿನ ಪ್ಯಾಡು ಬರಿಯ ತೋರಿಕೆಗೆ. ಅದರಾಚೆ, ಮೈಯೊಳಗೇ, ಹಳೆ ಲಂಗ ಹರಿದು ಮಡಚಿ ಮಡಚಿ ತುರುಕಿದ್ದಳು ಪುಣ್ಯಾತಗಿತ್ತಿ. ಎಳೆದು ತೆಗೆದರೆ ಅದೆಲ್ಲ ತೊಯ್ದು ತೊಪ್ಪೆಯಾಗಿತ್ತು. ತಲೆದಿಸೆಗೆ ಹಾಸಿಗೆಯ ಕೆಳಗೆ ಇನ್ನೊಂದು ಗಂಟು, ರಾತ್ರಿಯದಿರಬೇಕು, ಒಣಗಿ ಕಟ್ಟಿಗೆಯಾಗಿತ್ತು.

"ಮತ್ತ ಮುಟ್ಟಾಗೇನಿ ಅತ್ತೀ" ಎಂದಳು ಮರಿಯವ್ವ. ಈಗ ಅಳು ಬಂತು ಅವಳಿಗೆ. ವರ್ಷಗಟ್ಟಲೆ ಬರದ ಅಳು. "ಹೇಳಾಕ ಬಾಯಿ ಬರಲಿಲ್ಲ. ಇನ್ನೊಂದ ದಿನ ಇರ್ಲಿ, ಇನ್ನೊಂದ ದಿನ ಇರ್ಲಿ ಅಂತ... ಮುಟ್ಟಬ್ಯಾಡ್ರಿ ನನ್ನ, ದೂರ ಸರೀರಿ."

ನಲಿನಿಗೆ ಕಪಾಳಕ್ಕೆ ಹೊಡೆದಂತಾಯಿತು. ತನ್ನದೇ ಮಾತು ಅದು. ಒಂದು ಹನಿಯೂ ಕಾಣುವುದಿಲ್ಲ ಎಂದವಳು, ಕಂಡರೆ ಅದು ಗಾಯದ್ದು, ತಡಮಾಡದೆ ಕೂಗು ಎಂದು ಯಾಕೆ ಹೇಳಲಿಲ್ಲ? ಧೈರ್ಯ ತುಂಬುವ ಭರದಲ್ಲಿ ಅರ್ಧ ಹೇಳಿ ಎದ್ದುಬಂದಿದ್ದಳು. ಈ ಪೆದ್ದಿ ಆ ಅರ್ಧವನ್ನೇ ಸೆರಗಿಗೆ ಗಂಟು ಹಾಕಿಕೊಂಡಿದ್ದಳು. ತನ್ನ ಮೇಲೂ ಅವಳ ಮೇಲೂ ಒಟ್ಟಿಗೇ ಸಿಟ್ಟು ಬಂತು. ಆದರೆ ಸಿಟ್ಟಿನ ಹೊತ್ತಲ್ಲ ಅದು.

"ಗುಡದಪ್ಪ! ಮಂಚದ ಕಾಲ ಕಡೆ ಎತ್ತು. ಎತ್ತಪ್ಪಾ!" ಅವನು ಎತ್ತಿದ. ಗೋಡೆಯ ಬದಿಗಿದ್ದ ಇಟ್ಟಿಗೆಗಳನ್ನು ನಲಿನಿ ಕೆಳಗೆ ಒಟ್ಟಿದಳು. "ಇನ್ನ ಓಡು, ಇಲ್ಲೇ ಪ್ಯಾಟ್ಯಾಗ ಇರೂ ನಿನ್ನ ತಮ್ಮನ್ನ ಕರಕೊಂಡು ಬಾ, ರಕ್ತ ಬೇಕು. ಆಪರೇಶನ್ನಿಗೆ ನೀ ಈಗಾಗ್ಲೇ ಕೊಟ್ಟೀದಿ, ಮತ್ತ ನಿಂದು ತಗೊಳ್ಳೂ ಹಂಗಿಲ್ಲ." ಬಸ್ಸಿನ ಮಾತು ಮರೆತು ಅವನು ಓಡಿದ. ಮರೆಪರದೆ ಎಳೆದು, ಸಲೈನಿನ ಗಾಜಿನ ಬಾಟಲಿ ನೇತುಹಾಕಿ, ಸಿಕ್ಕದೆ ಓಡುವ ನರವನ್ನು ಬೈದು ಬೈದು ಹಿಡಿದು ಸೂಜಿ ಚುಚ್ಚಿದಳು. ಡ್ರಮ್ಮಿನಿಂದ ಪಟ್ಟಿಬಟ್ಟೆಯ ಉದ್ದನೆಯ ಸುರುಳಿ ತೆಗೆದಳು. ಒಳಗೆ ಹೊಲಿದ ಜಾಗದಿಂದ ಹರಿಯುತ್ತಿದೆ. ಡಾಕ್ಟರು ಬರುವವರೆಗೆ ಅದನ್ನು ಒತ್ತಿ ತುಂಬಿ ತಡೆಯಬೇಕು. ಅದಕ್ಕೆ ಎರಡೂ ಕೈ ಬೇಕು. ಕಾಲು ಅಗಲಿಸಿ ಹಿಡಿಯಲು ಇನ್ನೊಬ್ಬರು ಬೇಕು. ದೌಲತಬಿ ಫೋನಿನ ಹತ್ತಿರ. ಇದ್ದವಳು ಹೊಳಿಯವ್ವ ಒಬ್ಬಳೇ.

ಹೊಳಿಯವ್ವ ಕಿಟಕಿಯ ಹತ್ತಿರ ಸರಿದಿದ್ದಳು. ಮೊದಲು ಕೂಡುತ್ತಿದ್ದ ಅದೇ ಜಾಗ. ಕೆಂಪಾದ ಕೈಯನ್ನು ತನ್ನದಲ್ಲವೆಂಬಂತೆ ಮೈಯಿಂದ ದೂರ ಹಿಡಿದು ನಿಂತಿದ್ದಳು. ಬಾಚುವ ಹಣಿಗೆ ನೆಲದ ಮೇಲೆ ಬಿದ್ದಿತ್ತು.

"ಹೊಳಿಯವ್ವಾ, ಬಂದು ಕಾಲು ಹಿಡೀರಿ."

ಅವಳು ಅಲುಗಲಿಲ್ಲ.

"ಇದು ಮುಟ್ಟಲ್ರೀ ಯವ್ವಾ! ಗರ್ಭಚೀಲನ ಇಲ್ಲ, ಎಲ್ಲಿಂದ ಮುಟ್ಟಾಗತಾಳ? ನೀವs ನೋಡೀರಲ್ಲ ಟ್ರೇದಾಗ? ಇದು ಒಳಗಿನ ಗಾಯ ಬಿಟ್ಟು ಹರಿಯೂ ರಕ್ತ. ಕೈ ಕೊಯ್ಕೊಂಡರ ಬರೂದಿಲ್ಲೇನು, ಹಂಗ." ಮಾತಾಡುತ್ತಲೇ ನಲಿನಿ ಒಂದು ಮೊಣಕೈಯಿಂದ ಮರಿಯವ್ವನ ಕಾಲು ತಡೆದು ಪಟ್ಟಿ ತುಂಬಲು ನೋಡಿದಳು. ಕಾಲು ಮಡಚಿ ಮಡಚಿ ಬಂತು. ಪಟ್ಟಿ ಹಾಕಿದಷ್ಟೂ ತೊಯ್ದು ಜಾರಿತು. "ಲಗೂ ಬರ್ರಿ. ನನ್ನೊಬ್ಬಾಕಿ ಕೈಲೆ ಆಗೂದಿಲ್ಲ!"

ಹೊಳಿಯವ್ವ ಕೇಳಿಸಿಕೊಂಡಳೋ ಇಲ್ಲವೋ. ಟ್ರೇ, ಗಾಯ, ಗರ್ಭಚೀಲ ಒಂದೂ ಅವಳ ಮುಖದ ಮೇಲೆ ಕಾಣಲಿಲ್ಲ. ಅವಳು ಸೊಸೆಯನ್ನು ನೋಡುತ್ತಿದ್ದಳು. ಮರಿಯವ್ವ ಈಗ ಅಳುತ್ತಿರಲಿಲ್ಲ. "ಸರೀರಿ ಅತ್ತಿ, ಸರೀರಿ" ಎನ್ನುವ ದನಿ ಸಣ್ಣದಾಗುತ್ತಾ ತುಟಿಯಷ್ಟೇ ಅಲುಗುತ್ತಿತ್ತು. ಹೆಣೆದ ಒಂದು ಹೆರಳು ಮಂಚದಿಂದ ಕೆಳಗೆ ಜೋತುಬಿದ್ದಿತ್ತು, ಬಿಚ್ಚಿದ ಅರ್ಧ ಕೂದಲು ಬೆವರಿಗೆ ಕೆನ್ನೆಗಂಟಿತ್ತು.

"ಮುಟ್ಟರ ಇರ್ಲಿ, ಹುಣ್ಣರ ಇರ್ಲಿ" ಎಂದಳು ಹೊಳಿಯವ್ವ. ಅಂದವಳೇ ಬಂದುಬಿಟ್ಟಳು. "ಎಲ್ಲಿ ಹಿಡೀಲಿ, ಹೇಳ್ರಿ."

ಹೊಲದಲ್ಲಿ ದುಡಿದ ಕೈ ಅವು, ಹಿಡಿದರೆ ಹಿಡಿತ. ನಲಿನಿ ಪಟ್ಟಿಯ ತುದಿಯನ್ನು ಆಳಕ್ಕೆ ಒತ್ತಿದಳು, ಮತ್ತೆ ಒತ್ತಿದಳು, ಮೂಲೆ ಬಿಡದೆ ತುಂಬುತ್ತ ಬಂದಳು. ಮರಿಯವ್ವ ಚೀರಿದಳು. "ಚೀರವಾ, ಚೀರು. ದಮ್ಮಿದ್ದರ ಚೀರು, ಬದಕೀದಿ ಅಂತ ಗೊತ್ತಾಗ್ಲಿ" ಎಂದಳು ಅತ್ತೆ. ಸುರುಳಿ ಮುಗಿಯಿತು. ನಲಿನಿ ಮುಷ್ಟಿಯಿಂದ ಒತ್ತಿ ಹಿಡಿದು ನಿಂತಳು. ತೋಳು ಜೋಮು ಹಿಡಿಯಿತು, ಬಿಡಲಿಲ್ಲ. ದೌಲತಬಿ ಓಡಿಬಂದು "ಸಿಕ್ರು ಸಿಸ್ಟರ್, ಹೊಂಟಾರಂತ" ಎಂದಳು. ಮೂವರೂ ಪಟ್ಟಿಯ ತುದಿಯನ್ನೇ ನೋಡುತ್ತಿದ್ದರು. ಕೆಂಪು ಹರಡಿತು, ಇನ್ನೂ ಸ್ವಲ್ಪ ಹರಡಿತು, ಆಮೇಲೆ ಅಲ್ಲೇ ನಿಂತಿತು.

ಡಾಕ್ಟರರ ಕಾರು ಅಂಗಳಕ್ಕೆ ಬಂದಾಗಲೂ ನಲಿನಿ ಹಾಗೇ ನಿಂತಿದ್ದಳು, ಹೊಳಿಯವ್ವ ಹಾಗೇ ಹಿಡಿದಿದ್ದಳು. ಅಣ್ಣಾಜಿ ಡಾಕ್ಟರರ ಅಂಗಿಯಲ್ಲಿ ಮೆಣಸಿನಕಾಯಿಯ ಘಾಟು ಇನ್ನೂ ಇತ್ತು. ಒಮ್ಮೆ ನಾಡಿ ನೋಡಿದವರೇ ಥಿಯೇಟರ್ ತೆಗೆಸಿದರು. ಒಳಗೊಂದು ರಕ್ತನಾಳ ಬಾಯಿಬಿಟ್ಟಿತ್ತು, ಕಟ್ಟಿ ಹೊಲಿದರು. ಗುಡದಪ್ಪನ ತಮ್ಮನ ರಕ್ತ ಹೊಂದಿತು. ಹೊರಗೆ ಬಂದು ಕೈ ಒರೆಸಿಕೊಳ್ಳುತ್ತ ಅವರು ಹೇಳಿದ್ದಿಷ್ಟೇ: "ಬಸ್ ಹತ್ತಿದ್ದರ ತಮ್ಮೂರ ತುಂಗಭದ್ರಾ ಕಾಣ್ತಿದ್ದಿಲ್ಲ ಆಕಿ."

ಮರಿಯವ್ವನನ್ನು ಅದೇ ಮಂಚಕ್ಕೆ ತಂದು ಮಲಗಿಸುವ ಹೊತ್ತಿಗೆ ಬಿಸಿಲು ಇಳಿದಿತ್ತು. ನಾಡಿ ಇನ್ನೂ ವೇಗವಾಗಿತ್ತು, ಆದರೆ ಎಣಿಸಲು ಸಿಗುತ್ತಿತ್ತು. ನಲಿನಿ ಹೊಸ ಪ್ಯಾಡಿಟ್ಟು, ಚಾದರ ಹೊದಿಸಿ, ವರಾಂಡದ ಮೆಟ್ಟಿಲ ಮೇಲೆ ಬಂದು ಕುಸಿದಳು. ಹೊಳಿಯವ್ವ ಎದುರಿಗೇ ಟಾಕಿಯ ಕಡೆ ನಡೆಯುತ್ತಿದ್ದಳು. ಮೊಣಕೈತನಕ ರಕ್ತ, ಮಡಿಲಲ್ಲಿ ರಕ್ತ, ಸೆರಗೆಲ್ಲ ಕಲೆ.

"ದೌಲತಬಿ, ಆ ಯವ್ವಗ ಸ್ಟೋವ್ ಮ್ಯಾಲ ನೀರು ಕಾಸಿ ಕೊಡು. ಈ ಥಂಡ್ಯಾಗ ತಣ್ಣೀರು ಸುರುವಿಕೊಂಡರ ನಾಳೆ ಆಕೀನೂ ಮಲಗತಾಳ." ಹೇಳುವಾಗ ನಲಿನಿಗೆ ತನ್ನ ಮನೆಯ ಹಿತ್ತಲಿನ ಬಕೆಟ್ಟು ನೆನಪಾಗಿ ಮೈ ಇನ್ನಷ್ಟು ಭಾರವಾಯಿತು.

ನೀರು ಕಾಯುವಷ್ಟರಲ್ಲಿ ಅವಳು ಮತ್ತೆ ಒಳಗೆ ಹೋದಳು. ಈ ಸಲ ಪೂರ್ತಿ ಹೇಳುವುದಿತ್ತು: ಮತ್ತೆ ಕಲೆ ಕಂಡರೆ ಹೆದರಬೇಡ, ಮುಚ್ಚಬೇಡ, ಕೂಗು, ಅದು ಹೊರಗೆ ಕೂಡುವ ರಕ್ತವಲ್ಲ. ಮರಿಯವ್ವನಿಗೆ ಎಚ್ಚರವಾದ ಕೂಡಲೇ ಹೇಳಬೇಕು, ಅತ್ತೆ ಸ್ನಾನ ಮುಗಿಸಿ ಬಂದ ಮೇಲೆ ಅವಳಿಗೂ ಹೇಳಬೇಕು.

ಆದರೆ ಹೊಳಿಯವ್ವ ಆಗಲೇ ಮರಳಿ ಬಂದಿದ್ದಳು. ಕೈಯಷ್ಟೇ ತೊಳೆದಿದ್ದಳು, ಮೊಣಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ತಲೆ ಒಣಗಿಯೇ ಇತ್ತು. ಬೆಳಿಗ್ಗೆ ಹಚ್ಚಿಕೊಂಡ ಭಂಡಾರ ಬೆವರಿಗೆ ಗೆರೆಗೆರೆಯಾಗಿ ಇಳಿದು ಹಣೆಯ ಮೇಲೆ ಹಾಗೇ ಉಳಿದಿತ್ತು. ಬಗ್ಗಿ ನೆಲದ ಮೇಲಿದ್ದ ಹಣಿಗೆ ತೆಗೆದುಕೊಂಡಳು, ಕಲೆಯಾದ ಸೆರಗಿನ ತುದಿಗೇ ಒರೆಸಿದಳು, ಮಂಚ ಏರಿ ಸೊಸೆಯ ತಲೆದಿಸೆಗೆ ಕೂತಳು.

ಮರಿಯವ್ವ ಅರ್ಧ ಕಣ್ಣು ತೆರೆದಳು. ಅಮಲು ಇಳಿದಿರಲಿಲ್ಲ. ನಾಲಿಗೆ ತಿರುಗದೆ ಕೇಳಿದಳು, "ಜಳಕಾ ಮಾಡಿದ್ರೇನ್ರಿ ಅತ್ತಿ?"

"ತಲಿ ಅಲಗಾಡಸಬ್ಯಾಡ" ಎಂದಳು ಹೊಳಿಯವ್ವ. ಕೆನ್ನೆಗಂಟಿದ ಕೂದಲನ್ನು ಒಂದೊಂದಾಗಿ ಬಿಡಿಸಿ, ಮೂರು ಎಳೆ ಮಾಡಿ, ಉಳಿದ ಹೆರಳನ್ನು ಹಾಕತೊಡಗಿದಳು. ಹೊರಗೆ ದೌಲತಬಿ ನೀರು ಕಾದಿದೆಯೆಂದು ಕೂಗುತ್ತಿದ್ದಳು.